ಪ್ರಕಾಶ್ ಪಡುಕೋಣೆಯವರಿಂದ ಏನು ಕಲಿಯಬೇಕು? ಎಳೆಯ ಶಟಲ್ ಆಟಗಾರರಿಗೆ ಹನ್ನೊಂದು ಸೂತ್ರ

ಈಗಿನ ಮಕ್ಕಳಿಗೆ ಪ್ರಕಾಶ್ ಪಡುಕೋಣೆ ಎಂದರೆ ಮೊದಲು ದೀಪಿಕಾ ಅಪ್ಪ. ಮಕ್ಕಳ ತಪ್ಪೇನಿಲ್ಲ. ಅವರು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ, 1980ರ ಮಾರ್ಚ್‌ನಲ್ಲಿ, ಲಂಡನ್ನಿನ ವೆಂಬ್ಲಿಯಲ್ಲಿ ಪ್ರಕಾಶ್ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪ್ರಶಸ್ತಿ ಗೆದ್ದಾಗಿತ್ತು. ಆಗ ವಯಸ್ಸು 24. ಎದುರಿಗಿದ್ದವರು ಇಂಡೋನೇಷ್ಯಾದ ಲಿಯೆಮ್ ಸ್ವಿ ಕಿಂಗ್. ಅಂಕ 15-3, 15-10. ಆ ಪ್ರಶಸ್ತಿ ಗೆದ್ದ ಮೊದಲ ಭಾರತೀಯ ಅವರು.

ಇಂಥವರನ್ನು ಮಾದರಿ ಎಂದು ತೋರಿಸುವುದು ಸುಲಭ. ಗೋಡೆಗೆ ಫೋಟೊ ಅಂಟಿಸಿ, ಕೆಳಗೆ ಶಿಸ್ತು, ಶ್ರಮ, ಶ್ರದ್ಧೆ ಎಂದು ಮೂರು ಪದ ಬರೆದರೆ ಮುಗಿಯಿತು. ಆದರೆ ನಾಳೆ ಬೆಳಿಗ್ಗೆ ಐದೂವರೆಗೆ ಎದ್ದು ಕೋರ್ಟಿಗೆ ಹೋಗುವ ಹದಿಮೂರರ ಹುಡುಗಿಗೆ ಆ ಮೂರು ಪದಗಳಿಂದ ಏನೂ ಸಿಗುವುದಿಲ್ಲ. ಪ್ರಕಾಶ್ ಅವರ ಮಣಿಕಟ್ಟು ಅವಳಿಗೆ ಬರುವುದಿಲ್ಲ, ಅದು ಅವರದು. ಇಕ್ಕಟ್ಟಿನ ಹೊತ್ತಿನಲ್ಲಿ ಅವರು ತೆಗೆದುಕೊಂಡ ನಿರ್ಧಾರಗಳನ್ನು ಮಾತ್ರ ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಇಲ್ಲಿರುವುದು ಅಂಥವೇ ಕೆಲವು.

1. ಕೋರ್ಟ್ ಸಿಗದ ದಿನಕ್ಕೂ ಒಂದು ಅಭ್ಯಾಸ ಇಟ್ಟುಕೊಳ್ಳಿ

ಪ್ರಕಾಶ್ ಆಟ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲ್‌ನಲ್ಲಿ. ಅದು ಮದುವೆಗೆ ಬಾಡಿಗೆ ಕೊಡುವ ಹಾಲ್. ದೀಪಿಕಾ 2016ರಲ್ಲಿ ಒಂದು ಪ್ರಶಸ್ತಿ ಸಮಾರಂಭದ ವೇದಿಕೆಯಲ್ಲಿ ಅಪ್ಪನ ಪತ್ರ ಓದಿದಾಗ ಈ ಸಂಗತಿ ಹೊಸ ತಲೆಮಾರಿಗೂ ತಿಳಿಯಿತು: ಇವತ್ತು ಹಾಲ್‌ನಲ್ಲಿ ಮದುವೆ ಇದೆಯೋ ಇಲ್ಲವೋ ಎಂದು ದಿನವೂ ಕಾಯುವುದು, ಇಲ್ಲವೆಂದು ಗೊತ್ತಾದರೆ ಶಾಲೆ ಬಿಟ್ಟ ಕೂಡಲೇ ಆಡಲು ಓಡುವುದು. ಆಷಾಢ ಬಂದರೆ ಮಂಗಳಕಾರ್ಯ ಇಲ್ಲವೆಂದು ಅಡುಗೆಯವರು, ಓಲಗದವರು ಕೈಕಟ್ಟಿ ಕೂರುತ್ತಾರೆ. ಆ ಹುಡುಗರಿಗೆ ಮಾತ್ರ ಅದೇ ಸುಗ್ಗಿ ಆಗಿದ್ದಿರಬೇಕು!

ಈಗ ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರಿನಲ್ಲಿ ಗಂಟೆ ಲೆಕ್ಕದಲ್ಲಿ ಕೋರ್ಟ್ ಸಿಗುತ್ತದೆ. ಸಮಸ್ಯೆಯ ವೇಷ ಬೇರೆಯಾಗಿದೆ, ಅಷ್ಟೆ: ಸ್ಲಾಟ್ ಸಿಗಲಿಲ್ಲ, ಬಾಡಿಗೆ ಹೆಚ್ಚಾಯಿತು, ಕೋಚ್ ರಜೆ. ಅಂಥ ದಿನಕ್ಕೆಂದೇ ಒಂದು ಪಟ್ಟಿ ಬರೆದು ಕಿಟ್ ಬ್ಯಾಗ್‌ನಲ್ಲಿಡಿ. ಟೆರೇಸ್ ಮೇಲೆ ಕಾಕ್ ಇಲ್ಲದೆ ಆರು ಮೂಲೆಗಳಿಗೂ ಶ್ಯಾಡೊ, ಪ್ರತಿಸಲವೂ ನಡುವಿಗೆ ವಾಪಸ್. ಹಗ್ಗದ ಆಟ. ಹಳೆಯ ಕಾಕ್ ಹಿಡಿದು ಗೋಡೆಗೆ ಬ್ಯಾಕ್‌ಹ್ಯಾಂಡ್. ಇಷ್ಟಕ್ಕೆ ಮುಕ್ಕಾಲು ಗಂಟೆ ಸಾಕು. ಯಾವ ಊರಿನ ಯಾವ ಮನೆಯಲ್ಲಾದರೂ ಆಗುತ್ತದೆ.

2. ಮೊದಲ ಸೋಲಿಗೆ ಎರಡು ವರ್ಷ ಕೊಡಿ

1962ರಲ್ಲಿ ಏಳು ವರ್ಷದ ಪ್ರಕಾಶ್ ರಾಜ್ಯ ಜೂನಿಯರ್ ಟೂರ್ನಿಯಲ್ಲಿ ಮೊದಲ ಸುತ್ತಿನಲ್ಲೇ ಹೊರಬಿದ್ದರು. ಎರಡು ವರ್ಷದ ನಂತರ ಅದೇ ಪ್ರಶಸ್ತಿ ಗೆದ್ದರು. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂರು ತಿಂಗಳಲ್ಲಿ ಅಕಾಡೆಮಿ ಬದಲಿಸುವವರು ಆ ಎರಡು ವರ್ಷವನ್ನು ಸ್ವಲ್ಪ ನೆನಪಿಟ್ಟುಕೊಂಡರೆ ಸಾಕು.

3. ನಿಮ್ಮ ಮಾದರಿಗೆ ಯಾರು ಮಾದರಿ ಎಂದು ಹುಡುಕಿ

ಪ್ರಕಾಶ್ ಅವರಿಗೂ ಒಬ್ಬ ಆರಾಧ್ಯ ಆಟಗಾರ ಇದ್ದರು: ಇಂಡೋನೇಷ್ಯಾದ ರೂಡಿ ಹಾರ್ಟೊನೊ. 1968ರಿಂದ 1974ರವರೆಗೆ ಸತತ ಏಳು ಸಲ, ಮತ್ತೆ 1976ರಲ್ಲಿ, ಒಟ್ಟು ಎಂಟು ಸಲ ಆಲ್ ಇಂಗ್ಲೆಂಡ್ ಗೆದ್ದವರು. ಅಲ್ಲಿಯವರೆಗೆ ಪ್ರಕಾಶ್ ಅವರದು ಮೆದು ಕೈಯ ಆಟ. ಹಾರ್ಟೊನೊ ಅವರ ವೇಗ, ಎದುರಾಳಿಗೆ ಉಸಿರಾಡಲು ಬಿಡದ ದಾಳಿ ಕಂಡ ಮೇಲೆ ಅವರು ತಮ್ಮ ಆಟವನ್ನೂ ಆಕ್ರಮಣದ ಕಡೆಗೆ ತಿದ್ದಿಕೊಂಡರು. ಫಲ ಬೇಗ ಬಂತು. ಹದಿನಾರನೇ ವಯಸ್ಸಿಗೆ ರಾಷ್ಟ್ರೀಯ ಚಾಂಪಿಯನ್. 1971ರಿಂದ 1979ರವರೆಗೆ ಸತತ ಒಂಬತ್ತು ಸಲ.

ಮಾದರಿಯನ್ನು ಬಳಸಿಕೊಳ್ಳುವ ರೀತಿ ಇದು. ಹಾರ್ಟೊನೊ ಅವರ ಹೇರ್‌ಸ್ಟೈಲನ್ನಾಗಲಿ ಅಂಕ ಗೆದ್ದಾಗಿನ ಕೂಗನ್ನಾಗಲಿ ಪ್ರಕಾಶ್ ತಂದುಕೊಳ್ಳಲಿಲ್ಲ. ತಮ್ಮಲ್ಲಿ ಏನು ಕಡಿಮೆ ಇದೆಯೋ ಅದನ್ನು ಮಾತ್ರ ತಂದುಕೊಂಡರು. ನಿಮ್ಮ ಮೆಚ್ಚಿನ ಆಟಗಾರರ ಹೆಸರಿನ ಮುಂದೆ ಒಂದೇ ಸಾಲು ಬರೆಯಿರಿ: ಇವರಲ್ಲಿದ್ದು ನನ್ನಲ್ಲಿ ಇಲ್ಲದ್ದು ಯಾವುದು? ಉತ್ತರ ಹೊಳೆಯದಿದ್ದರೆ ನೀವು ಅಭಿಮಾನಿ ಮಾತ್ರ. ಅಭಿಮಾನಿ ಆಗಿರುವುದೂ ಒಳ್ಳೆಯದೇ, ಆದರೆ ಅದರಿಂದ ಆಟ ಬದಲಾಗುವುದಿಲ್ಲ.

4. ಎದುರಾಳಿಗೆ ಬೇಕಾದ್ದನ್ನು ಕೊಡಬೇಡಿ

ಈ ಒಂದು ಪಾಠಕ್ಕಾಗಿಯೇ 1980ರ ಫೈನಲನ್ನು ಕೂತು ನೋಡಬೇಕು. ತುಣುಕುಗಳು ಯೂಟ್ಯೂಬ್‌ನಲ್ಲಿವೆ. ಚಿತ್ರ ಮಸುಕಾಗಿದೆ, ಸಹಿಸಿಕೊಳ್ಳಿ.

ಕಿಂಗ್ ಆಗ 1978, 1979 ಎರಡೂ ವರ್ಷ ಗೆದ್ದು ಮೂರನೆಯದಕ್ಕೆ ಬಂದಿದ್ದರು. ನೆಗೆದು ಗಾಳಿಯಲ್ಲೇ ಹೊಡೆಯುವ ಅವರ ಸ್ಮ್ಯಾಶ್‌ಗೆ ಅವರ ಹೆಸರನ್ನೇ ಇಟ್ಟಿದ್ದರು. ಆ ಸ್ಮ್ಯಾಶ್ ಬರಬೇಕಾದರೆ ಕಾಕ್ ಎತ್ತರಕ್ಕೆ ಬರಬೇಕು, ಆಟ ವೇಗವಾಗಿರಬೇಕು. ಆ ವೇಗದ ಲಯವೇ ಕಿಂಗ್ ಅವರ ಬಲ. ಪ್ರಕಾಶ್ ಮಾಡಿದ್ದು ಆ ಲಯವನ್ನು ಕೆಡಿಸುವ ಕೆಲಸ. ಆಟವನ್ನು ನಿಧಾನಕ್ಕೆ ಎಳೆದರು. ಕಾಕ್‌ಗೆ ರ‍್ಯಾಕೆಟ್ ತಾಗಿಸುವ ಮುನ್ನ ಅರೆಗಳಿಗೆ ತಡೆದರು. ಟಾಸ್ ಬರುತ್ತದೋ ಡ್ರಾಪ್ ಬರುತ್ತದೋ ಎಂದು ಕಿಂಗ್ ಕಾಲು ಊರಿ ಕಾಯಬೇಕಾಯಿತು. ಪೂರ್ತಿ ಸ್ಮ್ಯಾಶ್ ಮಾಡಬಹುದಾದ ಕಡೆ ಅರ್ಧ ಸ್ಮ್ಯಾಶ್ ಮಾಡಿದರು, ನೆಟ್ ಹತ್ತಿರ ಮೃದುವಾಗಿ ಬೀಳಿಸಿದರು. ಮೊದಲ ಗೇಮ್‌ನಲ್ಲಿ ಕಿಂಗ್‌ಗೆ ದಕ್ಕಿದ್ದು ಮೂರೇ ಅಂಕ.

ಗಮನಿಸಿ: ಹಾರ್ಟೊನೊ ಅವರನ್ನು ನೋಡಿ ಕಲಿತ ದಾಳಿ ಪ್ರಕಾಶ್ ಅವರಿಗೆ ದೇಶದಲ್ಲಿ ಪ್ರಶಸ್ತಿಯ ಮೇಲೆ ಪ್ರಶಸ್ತಿ ತಂದುಕೊಟ್ಟಿತ್ತು. ಬದುಕಿನ ಅತಿ ದೊಡ್ಡ ಪಂದ್ಯದಲ್ಲಿ ಕೈಹಿಡಿದದ್ದು ಮಾತ್ರ ತಮ್ಮದೇ ಹಳೆಯ ಮೆದು ಕೈ. ಆ ಮಾದರಿ ವ್ಯರ್ಥವಾಯಿತು ಎಂದಲ್ಲ. ದಾಳಿ ಮಾಡಲೂ ಗೊತ್ತಿದ್ದವರ ಡ್ರಾಪ್‌ಗಷ್ಟೇ ಎದುರಾಳಿ ಹೆದರುತ್ತಾನೆ. ಸ್ಮ್ಯಾಶ್ ಮಾಡಲು ಬಾರದವರ ಡ್ರಾಪ್‌ಗೆ ಮೊದಲೇ ಮುಂದೆ ಬಂದು ನಿಂತಿರುತ್ತಾನೆ.

ನೀವು ಮಾಡಬಹುದಾದ್ದು: ಮುಂದಿನ ಪಂದ್ಯಕ್ಕೆ ಮೊದಲು ಎದುರಾಳಿಯ ಒಂದು ಪಂದ್ಯವನ್ನು ಗ್ಯಾಲರಿಯಲ್ಲಿ ಕೂತು ನೋಡಿ. ಅವಳಿಗೆ ಯಾವ ಹೊಡೆತ ಬಂದರೆ ಖುಷಿ ಎಂದು ಗುರುತು ಹಾಕಿಕೊಳ್ಳಿ. ಆಮೇಲೆ ಆ ಹೊಡೆತಕ್ಕೆ ಅವಕಾಶ ಕೊಡುವ ಕಾಕನ್ನು ಅವಳಿಗೆ ಕಳಿಸಬೇಡಿ. ಇದಕ್ಕೆ ಪ್ರತಿಭೆ ಬೇಕಿಲ್ಲ, ಒಂದು ನೋಟ್‌ಬುಕ್ ಸಾಕು.

5. ಹಳೆಯ ಆಟವನ್ನು ಹಾಗೇ ಎತ್ತಿ ತರಬೇಡಿ

ಪ್ರಕಾಶ್ ಆಡುತ್ತಿದ್ದ ಕಾಲದಲ್ಲಿ ಗೇಮ್‌ಗೆ 15 ಅಂಕ, ಸರ್ವಿಸ್ ಮಾಡುತ್ತಿದ್ದವರಿಗೆ ಮಾತ್ರ ಅಂಕ. ಸರ್ವಿಸ್ ನಿಮ್ಮದಿದ್ದಾಗ ತಪ್ಪು ಮಾಡಿದರೆ ಸರ್ವಿಸ್ ಹೋಗುತ್ತಿತ್ತು, ಎದುರಾಳಿಗೆ ಅಂಕ ಸಿಗುತ್ತಿರಲಿಲ್ಲ. ತಾಳ್ಮೆಯಿಂದ ಆಡಿ ನೋಡಲು, ಒಂದು ಉಪಾಯ ಕೈಕೊಟ್ಟರೆ ಇನ್ನೊಂದು ಹೂಡಲು ಅಲ್ಲಿ ಜಾಗವಿತ್ತು. 2006ರಲ್ಲಿ 21 ಅಂಕದ ಪದ್ಧತಿ ಬಂದ ಮೇಲೆ ಪ್ರತಿ ರ‍್ಯಾಲಿಗೂ ಒಂದು ಅಂಕ. ಆರಂಭದಲ್ಲೇ ನಾಲ್ಕು ತಪ್ಪಾದರೆ ಗೇಮ್ ಅರ್ಧ ಕೈಬಿಟ್ಟ ಹಾಗೆ.

ಆದ್ದರಿಂದ ಅವರ ನಿಧಾನವನ್ನೇ ನಕಲು ಮಾಡಲು ಹೋದರೆ ಪೆಟ್ಟು ತಿನ್ನುತ್ತೀರಿ. ಅವರಿಂದ ತೆಗೆದುಕೊಳ್ಳಬೇಕಾದ್ದು ತಡೆದು ಹೊಡೆಯುವ ಮೋಸ, ನೆಟ್ ಹತ್ತಿರದ ಹಿಡಿತ. ವೇಗ ಮತ್ತು ಕಾಲಿನ ಬಲ ಈಗಿನವರಿಂದ ಬರಲಿ. ಅಜ್ಜನ ಮನೆಯ ತೊಟ್ಟಿಯನ್ನು ಫ್ಲ್ಯಾಟಿನೊಳಗೆ ಕಟ್ಟಲಾಗುವುದಿಲ್ಲ, ಗಾಳಿ ಬೆಳಕು ಬರುವ ಉಪಾಯವನ್ನು ಮಾತ್ರ ತರಬಹುದು.

6. ಊರಿಗೆ ಮೊದಲಿಗರಾದಿರೋ, ಊರು ಬಿಡಿ

ಆಲ್ ಇಂಗ್ಲೆಂಡ್ ಗೆದ್ದು ಬಂದ ಪ್ರಕಾಶ್ ಅವರನ್ನು ಬೆಂಗಳೂರು ತೆರೆದ ವಾಹನದಲ್ಲಿ ಮೆರವಣಿಗೆ ಮಾಡಿ ಕೊಂಡಾಡಿತು. ಹಾಗೆ ಕೊಂಡಾಡಿದ ಊರಿನಲ್ಲೇ ಹಾರ ಹಾಕಿಸಿಕೊಳ್ಳುತ್ತಾ ಕೂರಬಹುದಿತ್ತು. ಅವರು ಹೊರಟದ್ದು ಡೆನ್ಮಾರ್ಕಿಗೆ. ಕೋಪನ್‌ಹೇಗನ್ನಿನ ಕ್ಲಬ್‌ಗೆ ಆಡುತ್ತಾ ವರ್ಷಗಟ್ಟಲೆ ಅಲ್ಲೇ ಇದ್ದರು. ದೀಪಿಕಾ ಹುಟ್ಟಿದ್ದೂ ಆ ಊರಿನಲ್ಲೇ. ಅಲ್ಲಿ ಜತೆಗೆ ಅಭ್ಯಾಸಕ್ಕೆ ಸಿಕ್ಕವರು ಮಾರ್ಟನ್ ಫ್ರಾಸ್ಟ್, ಮುಂದೆ ನಾಲ್ಕು ಸಲ ಆಲ್ ಇಂಗ್ಲೆಂಡ್ ಗೆದ್ದ ಡೇನ್. ದಿನಾ ಬೆಳಿಗ್ಗೆ ನಿಮ್ಮನ್ನು ಸೋಲಿಸಬಲ್ಲವರ ಜೊತೆ ಆಡುವುದೇ ಅರ್ಧ ಕೋಚಿಂಗ್.

ಕನ್ನಡದ ಮನೆಗಳಲ್ಲಿ ಈ ಸೂತ್ರ ಕಷ್ಟ. ಶಾಲೆ, ದುಡ್ಡು, ಹೆಣ್ಣುಮಕ್ಕಳನ್ನು ಒಬ್ಬರನ್ನೇ ಕಳಿಸುವ ಆತಂಕ, ಎಲ್ಲವೂ ನಿಜ. ಊರು ಬಿಡುವುದು ಎಂದರೆ ಡೆನ್ಮಾರ್ಕೇ ಆಗಬೇಕಿಲ್ಲ. ತಾಲ್ಲೂಕಿನಲ್ಲಿ ಎಲ್ಲರನ್ನೂ ಸೋಲಿಸುವ ಹುಡುಗ ತಿಂಗಳಿಗೆ ಎರಡು ಭಾನುವಾರ ಬಸ್ ಹತ್ತಿ ಜಿಲ್ಲಾ ಕೇಂದ್ರಕ್ಕೆ ಹೋಗಿ ಸೋತು ಬರಲಿ. ಅಕಾಡೆಮಿಯಲ್ಲಿ ಮೇಲಿನ ಬ್ಯಾಚ್‌ನವರ ಜೊತೆ ವಾರಕ್ಕೊಂದು ಗೇಮ್ ಆಡಲು ಕೋಚ್ ಹತ್ತಿರ ಕೇಳಲಿ. ಕೇಳಲು ಸಂಕೋಚಪಟ್ಟು ಸುಮ್ಮನಾಗುವ ಮಕ್ಕಳೇ ನಮ್ಮಲ್ಲಿ ಹೆಚ್ಚು.

7. ಒಂದೇ ವರ್ಷದಲ್ಲಿ ಸೋಲು ಗೆಲುವು ಎರಡೂ ಇರಬಹುದು ಎಂದು ತಿಳಿದಿರಿ

ವೆಂಬ್ಲಿಯಲ್ಲಿ ಗೆದ್ದ ಅದೇ 1980ರಲ್ಲಿ ಪ್ರಕಾಶ್ ತಮ್ಮ ರಾಷ್ಟ್ರೀಯ ಪಟ್ಟ ಕಳೆದುಕೊಂಡರು. ವಿಜಯವಾಡದ ಫೈನಲ್‌ನಲ್ಲಿ ಅವರನ್ನು ಸೋಲಿಸಿದ್ದು ಹದಿನೆಂಟರ ಆಸುಪಾಸಿನ ಸೈಯದ್ ಮೋದಿ. ಅಂದರೆ ಜಗತ್ತನ್ನು ಗೆದ್ದವರು ಮನೆಯಲ್ಲಿ ಸೋತಿದ್ದರು. 1981ರಲ್ಲಿ ಆಲ್ ಇಂಗ್ಲೆಂಡ್ ಫೈನಲ್ ಮತ್ತೆ ಬಂತು, ಮತ್ತೆ ಕಿಂಗ್ ಎದುರಿಗೆ. ಮೊದಲ ಗೇಮ್ ಗೆದ್ದ ಮೇಲೂ ಈ ಸಲ ಪ್ರಕಾಶ್ ಸೋತರು. ಪ್ರತಿಸಲವೂ ಅದೇ ಉಪಾಯ ನಡೆಯುವುದಿಲ್ಲ. ಕಿಂಗ್ ಕೂಡ ನೋಟ್‌ಬುಕ್ ಇಟ್ಟಿದ್ದರೇನೋ. ಆದರೆ ಅದೇ ವರ್ಷ ಕ್ವಾಲಾಲಂಪುರದಲ್ಲಿ ವಿಶ್ವಕಪ್ ಫೈನಲ್‌ನಲ್ಲಿ ಚೀನಾದ ಹಾನ್ ಜಿಯಾನ್ ಅವರನ್ನು 15-0, 18-16ರಿಂದ ಸೋಲಿಸಿದರು. ಚೀನಾದವರು ವಿಶ್ವ ಬ್ಯಾಡ್ಮಿಂಟನ್ ಸಂಸ್ಥೆಯೊಳಗೆ ಆಗಷ್ಟೇ ಬಂದಿದ್ದರು, ಅವರೆಂದರೆ ಎಲ್ಲರಿಗೂ ದಿಗಿಲು. ಆ ದಿಗಿಲಿನ ಕಾಲದಲ್ಲಿ ಒಂದು ಗೇಮ್ ಸೊನ್ನೆಗೆ!

ಆ ಎರಡನೇ ಗೇಮಿನ 18-16 ನನಗೆ 15-0ಕ್ಕಿಂತ ಹೆಚ್ಚು ಇಷ್ಟ. ಮೊದಲ ಗೇಮ್ ಸಲೀಸಾಗಿ ಬಂದ ಮೇಲೆ ಎರಡನೆಯದು ಬಿಗಿಯಾದಾಗ ಕೈ ನಡುಗುವುದು ಸಹಜ. ಎಳೆಯ ಆಟಗಾರರು ಹೆಚ್ಚಾಗಿ ಪಂದ್ಯ ಬಿಡುವುದು ಅಲ್ಲೇ. ಅಭ್ಯಾಸದಲ್ಲಿ ಕೆಲವು ಗೇಮ್‌ಗಳನ್ನು 18-18ರಿಂದ ಶುರುಮಾಡಿ ಆಡಿ. ಆ ಮೂರು ಅಂಕಗಳ ಒತ್ತಡ ಬೇರೆ ಎಲ್ಲೂ ಕಲಿಯಲು ಸಿಗುವುದಿಲ್ಲ.

8. ಟೂರ್ನಿ ಮುಗಿಯುವವರೆಗೆ ಫೋನ್ ಬೇರೆಯವರ ಕೈಯಲ್ಲಿರಲಿ

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಲಕ್ಷ್ಯ ಸೇನ್ ಜೊತೆ ಪ್ರಕಾಶ್ ಕೋಚ್ ಆಗಿ ಕೂತಿದ್ದರು. ಪಂದ್ಯಗಳು ಮುಗಿಯುವವರೆಗೆ ಪ್ರಕಾಶ್ ಸರ್ ತನ್ನ ಫೋನ್ ತೆಗೆದಿಟ್ಟುಕೊಂಡಿದ್ದರು ಎಂದು ಲಕ್ಷ್ಯ ಆಮೇಲೆ ಪ್ರಧಾನಿ ಎದುರು ನಗುತ್ತಾ ಹೇಳಿದರು. ಒಲಿಂಪಿಕ್ಸ್ ಬ್ಯಾಡ್ಮಿಂಟನ್ ಸೆಮಿಫೈನಲ್ ತಲುಪಿದ ಮೊದಲ ಭಾರತೀಯ ಪುರುಷ ಆಟಗಾರನೇ ಫೋನ್ ಕೊಟ್ಟ ಮೇಲೆ, ಶಾಲಾ ಮಟ್ಟದ ಟೂರ್ನಿಯಲ್ಲಿ ಎರಡು ಪಂದ್ಯದ ನಡುವೆ ರೀಲ್ಸ್ ನೋಡುವವರಿಗೆ ನೆಪ ಉಳಿಯಲಿಲ್ಲ. ಅಮ್ಮನ ಬ್ಯಾಗಿನಲ್ಲಿ ಹಾಕಿ, ಸಂಜೆ ಕೇಳಿ ತೆಗೆದುಕೊಳ್ಳಿ.

9. ಅಪ್ಪ ಅಮ್ಮಂದಿರು ಇದನ್ನು ಓದಲಿ

ಪ್ರಕಾಶ್ ಅವರಿಗೆ ಆಟ ಹಚ್ಚಿದವರು ತಂದೆ ರಮೇಶ್ ಪಡುಕೋಣೆ. ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯನ್ನು ಕಟ್ಟಿ ಬೆಳೆಸಿದವರಲ್ಲಿ ಅವರೂ ಒಬ್ಬರು. ಬರೀ ಮಗನಿಗೆ ಕೋಚ್ ಆಗಲಿಲ್ಲ, ಊರಿನ ಬೇರೆ ಮಕ್ಕಳಿಗೂ ಆಟ ಸಿಗುವ ಹಾಗೆ ದುಡಿದರು. ಈಗ ಅಕಾಡೆಮಿಗಳ ಗಾಜಿನಾಚೆ ಕೂತು ಪ್ರತಿ ತಪ್ಪಿಗೂ ತಲೆ ಅಲ್ಲಾಡಿಸುವ ಪೋಷಕರು ಒಂದು ಭಾನುವಾರ ಟೂರ್ನಿಯಲ್ಲಿ ಲೈನ್ ಅಂಪೈರ್ ಆಗಿ ಕೂತು ನೋಡಲಿ. ಮಕ್ಕಳ ಮೇಲಿನ ಕಣ್ಣು ಸ್ವಲ್ಪ ಸಡಿಲವಾಗುತ್ತದೆ, ಆಟವೂ ಅರ್ಥವಾಗುತ್ತದೆ. ದುಬಾರಿ ರ‍್ಯಾಕೆಟ್ ಕೊಡಿಸುವ ಮೊದಲು ಒಳ್ಳೆಯ ಶೂ ಕೊಡಿಸಿ. ಗಟ್ಟಿಂಗ್ ಎಷ್ಟು ಬಿಗಿ ಇರಬೇಕೆಂಬ ಚರ್ಚೆ ಆಮೇಲೆ ಇಟ್ಟುಕೊಳ್ಳಬಹುದು.

10. ನಿಮಗಿಂತ ಚಿಕ್ಕವರಿಗೆ ಒಂದು ಹೊಡೆತ ಹೇಳಿಕೊಡಿ

1994ರಲ್ಲಿ ವಿಮಲ್ ಕುಮಾರ್, ವಿವೇಕ್ ಕುಮಾರ್ ಅವರ ಜೊತೆಗೂಡಿ ಪ್ರಕಾಶ್ ಬೆಂಗಳೂರಿನಲ್ಲಿ ಅಕಾಡೆಮಿ ಶುರುಮಾಡಿದರು. ಅಲ್ಲಿ ಪಳಗಿದ ಪುಲ್ಲೇಲ ಗೋಪಿಚಂದ್ 2001ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು. ಅಲ್ಲೇ ಆಡಿದ ಅಪರ್ಣಾ ಪೋಪಟ್ ಸತತ ಒಂಬತ್ತು ರಾಷ್ಟ್ರೀಯ ಪ್ರಶಸ್ತಿ ಗೆದ್ದು ಗುರುವಿನ ಲೆಕ್ಕಕ್ಕೆ ಸರಿಸಮ ಬಂದರು. ಅಲ್ಮೋರಾದಿಂದ ಬಾಲಕನಾಗಿ ಬಂದ ಲಕ್ಷ್ಯ ಸೇನ್ ಕೂಡ ಇದೇ ಗರಡಿಯವರು. ಬಿಲಿಯರ್ಡ್ಸ್‌ನ ಗೀತ್ ಸೇಠಿ ಜೊತೆ 2001ರಲ್ಲಿ ಹುಟ್ಟುಹಾಕಿದ ಒಲಿಂಪಿಕ್ ಗೋಲ್ಡ್ ಕ್ವೆಸ್ಟ್ ಬೇರೆ ಆಟದವರಿಗೂ ನೆರವಾಗುತ್ತಿದೆ. ಈಗ ಯಲಹಂಕ ಕಡೆಯ ಕ್ರೀಡಾ ಕೇಂದ್ರದ ಹೆಸರಿನಲ್ಲಿ ಪಡುಕೋಣೆ, ದ್ರಾವಿಡ್ ಇಬ್ಬರೂ ಇದ್ದಾರೆ.

ನಿಮಗೆ ಅಕಾಡೆಮಿ ಕಟ್ಟಲು ಹೇಳುತ್ತಿಲ್ಲ. ಎಂಟು ವರ್ಷದವನೊಬ್ಬನಿಗೆ ಸರಿಯಾಗಿ ಲೋ ಸರ್ವಿಸ್ ಕಲಿಸಲು ಪ್ರಯತ್ನಿಸಿ. ನಿಮ್ಮ ಸರ್ವಿಸ್ ಎಲ್ಲಿ ತಪ್ಪುತ್ತಿದೆ ಎಂದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

11. ಮಾದರಿಯ ಮಾತಿಗೂ ಎದುರು ಪ್ರಶ್ನೆ ಹಾಕಿ

ಪ್ಯಾರಿಸ್‌ಗೆ ಮತ್ತೆ ಬರುತ್ತೇನೆ. ಸೆಮಿಫೈನಲ್‌ನಲ್ಲಿ ಲಕ್ಷ್ಯ ವಿಕ್ಟರ್ ಆಕ್ಸೆಲ್ಸನ್ ಎದುರು ಮೊದಲ ಗೇಮ್‌ನಲ್ಲಿ 20-17ರ ಮುನ್ನಡೆಯಿಂದ ಸೋತರು, ಎರಡನೆಯದರಲ್ಲಿ 7-0 ಮುಂದಿದ್ದೂ ಸೋತರು. ಕಂಚಿನ ಪಂದ್ಯದಲ್ಲಿ ಮಲೇಷ್ಯಾದ ಲೀ ಜಿ ಜಿಯಾ ಎದುರು ಮೊದಲ ಗೇಮ್ 21-13ರಿಂದ ಗೆದ್ದು, 16-21, 11-21ರಿಂದ ಪಂದ್ಯ ಕಳೆದುಕೊಂಡರು. ಪ್ರಕಾಶ್ ಆಗ ಬಿಚ್ಚುಮಾತಿನಲ್ಲಿ ಹೇಳಿದರು: ಸರ್ಕಾರ, ಫೆಡರೇಷನ್ ತಮ್ಮ ಪಾಲಿನ ಕೆಲಸ ಮಾಡಿವೆ, ಇನ್ನು ಆಟಗಾರರು ಹೊಣೆ ಹೊರಬೇಕು.

ಕೊಡಗಿನ ಅಶ್ವಿನಿ ಪೊನ್ನಪ್ಪ ಇದನ್ನು ಒಪ್ಪಲಿಲ್ಲ. 2011ರಲ್ಲಿ ಜ್ವಾಲಾ ಗುಟ್ಟಾ ಜೊತೆ ವಿಶ್ವ ಚಾಂಪಿಯನ್‌ಷಿಪ್ ಕಂಚು ಗೆದ್ದ, ಪ್ಯಾರಿಸ್‌ನಲ್ಲೂ ಆಡಿದ ಆಟಗಾರ್ತಿ. ಗೆದ್ದಾಗ ಶ್ರೇಯಸ್ಸಿಗೆ ಎಲ್ಲರೂ ಮುಂದೆ ಬರುತ್ತಾರೆ, ಸೋತರೆ ತಪ್ಪು ಆಟಗಾರನೊಬ್ಬನದೇ ಏಕೆ ಎಂಬುದು ಅವರ ಪ್ರಶ್ನೆಯಾಗಿತ್ತು. ಸಿದ್ಧತೆಯ ಹೊಣೆಯಲ್ಲಿ ಕೋಚ್‌ಗಳಿಗೂ ಪಾಲಿಲ್ಲವೇ ಎಂದೂ ಕೇಳಿದರು.

ನನ್ನ ಮಟ್ಟಿಗೆ ಇಬ್ಬರ ಮಾತಿನಲ್ಲೂ ಹುರುಳಿದೆ. ಮದುವೆ ಹಾಲ್‌ನಲ್ಲಿ ಕಲಿತು ಬಂದವರಿಗೆ ಈಗಿನ ಸೌಲಭ್ಯಗಳ ನಡುವಿನ ಸೋಲು ಕಂಡಾಗ ಸಿಟ್ಟು ಬರುವುದು ಅರ್ಥವಾಗುತ್ತದೆ, ಮತ್ತು ದೊಡ್ಡ ಪಂದ್ಯದಲ್ಲಿ ಮುನ್ನಡೆ ಉಳಿಸಿಕೊಳ್ಳುವುದು ಕೊನೆಗೂ ಕೋರ್ಟಿನೊಳಗಿರುವವರ ಕೆಲಸವೇ. ಆದರೆ ಇಪ್ಪತ್ತೆರಡರ ಹುಡುಗ ಕಂಚು ಕಳೆದುಕೊಂಡ ಬೆನ್ನಲ್ಲೇ ಕ್ಯಾಮೆರಾ ಎದುರು ಅದನ್ನು ಹೇಳುವ ಅಗತ್ಯವಿರಲಿಲ್ಲ. ಆ ಮಾತು ನಾಲ್ಕು ಗೋಡೆಗಳ ನಡುವೆ ಇನ್ನೂ ಖಾರವಾಗಿ ಬಂದಿದ್ದರೂ ಯಾರೂ ಬೇಸರಪಡುತ್ತಿರಲಿಲ್ಲ. ಪ್ರಕಾಶ್ ಅವರ ಮೇಲಿನ ಗೌರವ ನನಗೆ ಇದರಿಂದ ಒಂದಿಷ್ಟೂ ತಗ್ಗಿಲ್ಲ, ಈ ಮಾತನ್ನು ಮಾತ್ರ ನಾನು ಅವರಿಂದ ಎತ್ತಿಕೊಳ್ಳುವುದಿಲ್ಲ.

ನೀವು ಹದಿನೈದರ ಆಟಗಾರರಾಗಿದ್ದರೆ ಇಬ್ಬರು ಹೇಳಿದ್ದನ್ನೂ ಒಂದೇ ಸಂಜೆ ಹುಡುಕಿ ಓದಿ. ಮರುದಿನ ವಾರ್ಮ್ ಅಪ್ ಮುಗಿದ ಮೇಲೆ ನಿಮ್ಮ ಕೋಚ್ ಹತ್ತಿರ ಹೋಗಿ ನೇರವಾಗಿ ಕೇಳಿ: "ಸರ್, ಮುಂದಿನ ಟೂರ್ನಿಯಲ್ಲಿ ನಾನು ಗೆಲ್ಲಬೇಕಾದ ಪಂದ್ಯ ಸೋತರೆ ಅದರಲ್ಲಿ ನನ್ನ ಪಾಲೆಷ್ಟು, ನಿಮ್ಮ ಪಾಲೆಷ್ಟು?"